ಹಟ್ಟಿಗೆ ಹಾಕಿದ ಬೀಗ

ಇಚಲಕರಂಜಿ
೧೪ ನವೆಂಬರ್ ೨೦೨೫, ಶುಕ್ರವಾರ

ಇವತ್ತು ಮುಂಜಾನೆ ನಾನು ಮಾಡಿದ ಮೊದಲ ಕೆಲಸ ಒಂದು ಸಾಲು ಅಳಿಸಿದ್ದು. ಅಣ್ಣನಿಗೆ ಫೋನ್ ಮಾಡಿದ್ದು ಆಮೇಲೆ. ಇದನ್ನು ಎಲ್ಲಾದರೂ ಬರೆದಿಡದಿದ್ದರೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ, ಅದಕ್ಕೇ ಈ ವಹಿ ತೆಗೆದಿದ್ದೇನೆ. ಇವರಿಗೆ, ಅಂದರೆ ನನ್ನ ಗಂಡ ದೀಪಕನಿಗೆ, ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮರಾಠಿ ಶಾಲೆ ಕಲಿತವರು. ನಾನು ಗಡಿಯಾಚೆ ಸೋದರಮಾವನ ಮನೆಯಲ್ಲಿದ್ದು ಕನ್ನಡ ಕಲಿತೆ. ಹಾಗಾಗಿ ವಹಿಯನ್ನು ಬಚ್ಚಿಡುವ ಚಿಂತೆಯಿಲ್ಲ.

ಏಳು ಗಂಟೆಗೆ ಸಾವಿತ್ರವ್ವ ವೈನಿಯ ಫೋನ್ ಬಂತು. ಅಣ್ಣ ಲಗಮಣ್ಣನ ಹೆಂಡತಿ ಗಟ್ಟಿ ಜೀವ, ಸುಮ್ಮಸುಮ್ಮನೆ ಅಳುವವಳಲ್ಲ.

“ಉಜ್ವಲಾ, ಹನ್ನೊಂದು ಕುರಿ ಹೋದ್ವು ನೋಡವಾ. ಕಾಗಲ ಹತ್ರ ಹಟ್ಟಿ ಇತ್ತಲ್ಲ, ಟೆಂಪೊ ತಂದು ತುಂಬ್ಕೊಂಡು ಹೋಗ್ಯಾರ. ಟಗರು ಸೈತ ಬಿಟ್ಟಿಲ್ಲ. ಅಡ್ಡ ಹೋದ್ರ ನಿಮ್ಮಣ್ಣನ ಕೈಗೆ ಬಡದಾರ.”

“ಒಬ್ಬನ ಇದ್ದನೇನ?”

“ಹೌದ ನೋಡು. ಒಬ್ಬನ ಇದ್ದಾನಂತ ಅವರಿಗೆ ಹೆಂಗ ಗೊತ್ತಾತೋ ಏನೋ!”

ಅವರಿಗೆ ಹೇಗೆ ಗೊತ್ತಾಯಿತು ಎಂದು ನನಗೆ ಗೊತ್ತು. ನಾನೇ ಬರೆದಿದ್ದೆ.

‘ಹಟ್ಟಿ ಎಲ್ಲಿ’ ಎಂಬುದು ನನ್ನ ಬ್ಲಾಗು. ದತ್ತವಾಡದ ಸುತ್ತಿನ ನಮ್ಮ ಹದಿನೆಂಟು ಮನೆಗಳ ಕುರಿ ಕಬ್ಬು ಕಡಿದ ಹೊಲಗಳಲ್ಲಿ ತಿಂಗಳುಗಟ್ಟಲೆ ತಿರುಗುತ್ತವೆ. ರೈತರು ಕರೆದ ಹೊಲದಲ್ಲಿ ಬೀಡುಬಿಟ್ಟು ಹಟ್ಟಿ ಹಾಕಿ ನಾಲ್ಕು ದಿನ ಕುರಿ ತರುಬಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಯಾರ ಹಟ್ಟಿ ಯಾವ ಊರಲ್ಲಿದೆ, ಯಾವ ರೈತ ಕರೆದಿದ್ದಾನೆ, ಎಲ್ಲಿ ನೀರಿದೆ ಎಂದು ಬರೆಯುವವಳು ನಾನು. ಮನೆಯಲ್ಲಿರುವ ಹೆಣ್ಣುಮಕ್ಕಳು ಓದಿ ಫೋನಿನಲ್ಲಿ ಹೇಳುತ್ತಾರೆ. ಮೊದಲು ವಾಟ್ಸಾಪ್ ಗುಂಪು ಮಾಡಿದ್ದೆವು, ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಹಟ್ಟಿಯ ಸುದ್ದಿ ಮುಚ್ಚಿಹೋಗುತ್ತಿತ್ತು.

ಬುಧವಾರ ಬರೆದದ್ದು ಹೀಗಿತ್ತು: “ಗುಂಡು ಕಾಕಾ ಮೊಣಕಾಲು ತೋರಿಸಲು ಊರಿಗೆ ಬಂದಿದ್ದಾನೆ. ಕಾಗಲ ಹಟ್ಟಿಯಲ್ಲಿ ಲಗಮಣ್ಣ ಒಬ್ಬನೇ. ಯಾರಾದರೂ ಜೊತೆಗೆ ಹೋಗಿರಿ.” ಗುಂಡು ಕಾಕಾ ಅಣ್ಣನ ಜೊತೆ ಕುರಿ ಕೂಡಿಸಿಕೊಂಡು ತಿರುಗುವವನು. ನಮ್ಮವರು ಯಾರೂ ಹೋಗಲಿಲ್ಲ. ಯಾರು ಹೋದರೋ ಹೋದರು.

ವೈನಿಯ ಫೋನ್ ಇಟ್ಟವಳೇ ಆ ಸಾಲು ತೆಗೆದೆ.

೧೬ ನವೆಂಬರ್, ರವಿವಾರ

ಇವರು ಮಗ್ಗ ರಿಪೇರಿಗೆ ಹೋದ ಮೇಲೆ ಇಡೀ ದಿನ ಕಂಪ್ಯೂಟರಿನ ಮುಂದೆ ಕೂತೆ. ಬ್ಲಾಗಿನ ಬಲಗಡೆ ಒಂದು ಪಟ್ಟಿ ಇದೆ, ಸೈಡ್‌ಬಾರ್. ಅಲ್ಲಿ ಅಣ್ಣನ ಟಗರಿನ ಫೋಟೋ ಇತ್ತು, ಕೊರಳಿಗೆ ಗೆಜ್ಜೆ, ಹಣೆಗೆ ಭಂಡಾರದ ಅರಿಶಿನ. ಕದ್ದ ಹನ್ನೊಂದರಲ್ಲಿ ಅದೂ ಒಂದು. ಫೋಟೋ ತೆಗೆದು ಆ ಜಾಗದಲ್ಲಿ ಲಾಗಿನ್ ಫಾರ್ಮ್ ಕೂಡಿಸಿದೆ: ಮೊಬೈಲ್ ನಂಬರಿಗೆ ಒಂದು ಚೌಕ, ಪಾಸ್‌ವರ್ಡಿಗೆ ಒಂದು ಚೌಕ, ಕೆಳಗೆ ‘ಒಳಗೆ ಬರ್ರಿ’ ಎಂಬ ಗುಂಡಿ. ಗುಂಡಿಗೆ ಹಸಿರು ಬಣ್ಣ ಕೊಟ್ಟೆ. ಎರಡು ಸಲ ಒಳಗೆ ಹೋಗಿ ಹೊರಗೆ ಬಂದು ನೋಡಿದೆ.

ವೈನಿಗೆ ಫೋನ್ ಮಾಡಿದೆ. “ಹೊಸಾದೊಂದು ಬಾಗಲಾ ಮಾಡೇನಿ ವೈನಿ, ಇನ್ನ ನಮ್ಮವರಷ್ಟ ಓದಬೇಕು.”

“ಎಲ್ಲೈತಿ? ನನಗೇನ ಕಾಣವಲ್ತಲ್ಲ.”

ಹತ್ತು ನಿಮಿಷ ಹುಡುಕಿಸಿದೆ. ಸಣ್ಣ ಫೋನಿನಲ್ಲಿ ಸೈಡ್‌ಬಾರ್ ಬಲಗಡೆ ಇರುವುದಿಲ್ಲ, ಎಲ್ಲ ಬರಹಗಳೂ ಮುಗಿದ ಮೇಲೆ ತಳದಲ್ಲಿ ಹೋಗಿ ಬೀಳುತ್ತದೆ.

“ಯವ್ವಾ, ಹಿತ್ತಲದಾಗ ಬಾಗಲಾ ಇಟ್ಟಿಯಲ್ಲ ನೀ!” ಎಂದು ವೈನಿ ನಕ್ಕಳು. ಕುರಿ ಕಳೆದ ಮೂರನೇ ದಿನಕ್ಕೆ ನಗುತ್ತಾಳೆ, ಏನು ಹೆಂಗಸೋ. ಈಗ ಯಾಕೆ ಬಾಗಿಲು ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

೧೮ ನವೆಂಬರ್, ಮಂಗಳವಾರ

ಆಫೀಸಿನ ಕೆಲಸಕ್ಕೆ ಕೊಲ್ಲಾಪುರಕ್ಕೆ ಹೋಗಿದ್ದೆ. ಅಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿರುವ ಪೂನಮ ನನ್ನ ಕಾಲೇಜಿನ ಗೆಳತಿ. ಲಾಗಿನ್ ಫಾರ್ಮ್ ತೋರಿಸಿ ಹೊಗಳಿಸಿಕೊಳ್ಳೋಣ ಎಂದು ಹೋದೆ. ಅವಳು ತನ್ನ ಫೋನಿನಲ್ಲಿ ಬ್ಲಾಗ್ ತೆರೆದಳು, ಫಾರ್ಮ್ ಮುಟ್ಟಲೇ ಇಲ್ಲ, ಸೀದಾ ಓದತೊಡಗಿದಳು.

“ಅಗಂ ಉಜ್ವಲಾ, ಎಲ್ಲಾ ಹೊರಗ ಐತಲ್ಲ! ಬರೇ ಚೌಕಟ್ಟ ನಿಲ್ಲಿಸಿದಿ, ಗ್ವಾಡಿ ಎಲ್ಲೈತಿ?”

ಫಾರ್ಮ್ ಕೂಡಿಸಿದರೆ ಬರಹಗಳು ತಾವಾಗಿಯೇ ಮುಚ್ಚುತ್ತವೆ ಎಂದುಕೊಂಡಿದ್ದೆ, ದಡ್ಡಿ ನಾನು! ಮುಚ್ಚುವ ಕೆಲಸ ಬೇರೆಯೇ ಇದೆ. ಎರಡು ದಿನ ನೆಮ್ಮದಿಯಿಂದ ಉಂಡು ಮಲಗಿದ್ದೆನಲ್ಲ, ಆ ಎರಡು ದಿನವೂ ಎಲ್ಲ ಹಟ್ಟಿಗಳೂ ಬಯಲಲ್ಲೇ ಇದ್ದವು. ಪೂನಮ ಅಂಗಡಿಯ ಗಿರಾಕಿಗಳನ್ನು ನಿಲ್ಲಿಸಿ, ಅಲ್ಲೇ ಕೂತು, ಒಂದೊಂದಾಗಿ ಎಲ್ಲ ಬರಹ ಮುಚ್ಚಿಕೊಟ್ಟಳು. “ಇಷ್ಟ ಯಾಕ ಅಂಜಾಕತ್ತಿ?” ಎಂದಳು. ಕಳ್ಳತನದ ಮಾತು ಹೇಳಿದೆ, ಸಾಲಿನ ಮಾತು ಹೇಳಲಿಲ್ಲ.

೨೩ ನವೆಂಬರ್, ರವಿವಾರ

ದತ್ತವಾಡಕ್ಕೆ ಹೋಗಿ ಹದಿನೆಂಟೂ ಮನೆಗೆ ಪಾಸ್‌ವರ್ಡ್ ಮಾಡಿಕೊಟ್ಟು ಬಂದೆ. ಅವ್ವನ ಮನೆಯ ಕಟ್ಟೆಯ ಮೇಲೆ ಎಲ್ಲರೂ ಸೇರಿದ್ದರು. ಅಣ್ಣನೂ ಬಂದಿದ್ದ, ಎಡಗೈಗೆ ಪಟ್ಟಿ. ನನ್ನನ್ನು ನೋಡಿ, “ಬರ್ರಿ ಮೇಡಂ, ನಮಗೂ ಸಾಲಿ ಕಲಸ್ರಿ,” ಎಂದ. ಆ ಕೈಯ ಕಡೆ ನೋಡದೆ ಎಲ್ಲರ ಹೆಸರು ಬರೆದುಕೊಳ್ಳತೊಡಗಿದೆ.

ಮರೆಯದಂಥ, ನಿಮ್ಮದೇ ಆದ ಒಂದು ಮಾತು ಹೇಳಿ ಎಂದೆ. ಗುಂಡು ಕಾಕಾ ಮೀಸೆ ಮುಟ್ಟಿಕೊಂಡು ಹೇಳಿದ: “ಬಲಚಪ್ಪಿ ಕೆಂಪು.” ಅವನ ಕುರಿಗಳ ಬಲಚಪ್ಪೆಗೆ, ಹಿಂದಿನ ಬಲತೊಡೆಯ ಮೇಲೆ, ಕೆಂಪು ಬಣ್ಣ ಹಚ್ಚಿರುತ್ತಾನೆ, ಅದು ಅವನ ಮನೆತನದ ಗುರುತು. ಅಣ್ಣ, “ಎರಡು ಹಸಿರು,” ಎಂದ. ನಮ್ಮ ಕುರಿಗಳ ಕೊರಳಿಗೆ ಎರಡು ಹಸಿರು ಪಟ್ಟಿ. ತಂಗೆವ್ವ ಅತ್ತಿ, “ಎಡಗಿವಿ ನೀಲಿ.” ಹದಿನೆಂಟು ಮನೆಯವರೂ ತಮ್ಮ ಕುರಿಯ ಗುರುತನ್ನೇ ಹೇಳಿದರು. ನಾನು ನಕ್ಕೆ.

“ನಗಬ್ಯಾಡ,” ಎಂದ ಅಣ್ಣ. “ಈ ಕುರಿ ನಂದು ಅಂತ ಪೊಲೀಸ್ರ ಮುಂದ ಇದನ್ನ ಹೇಳಿ ಬಂದೇನಿ. ಇದಕ್ಕಿಂತ ಖರೆ ಮಾತು ನನ್ನ ಹತ್ರ ಯಾವ್ದೈತಿ?”

ಸರಿ ಎಂದು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಟ್ಟೆ. ಮರಳಿ ಬಸ್ಸಿಗೆ ನಿಂತಾಗ ಅಣ್ಣ ಬಂದು ಪಕ್ಕದಲ್ಲಿ ನಿಂತ. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಂಡೆ. “ಏನರ ಹೇಳೂದೈತೇನ ತಂಗಿ?” ಎಂದು ಅವನೇ ಕೇಳಿದ. ಇಲ್ಲ ಎಂದೆ. ಶಿರೋಳದ ಬಸ್ ಬಂತು.

೨ ಡಿಸೆಂಬರ್, ಮಂಗಳವಾರ

ಯಾರು ಯಾವಾಗ ಒಳಗೆ ಬಂದರು ಎಂದು ಈಗ ನನಗೆ ಕಾಣುತ್ತದೆ. ದಿನಕ್ಕೆ ನಾಲ್ಕು ಸಲವಾದರೂ ನೋಡುತ್ತೇನೆ. ಆಫೀಸಿನಲ್ಲಿ ಪತ್ರ ಟೈಪ್ ಮಾಡುತ್ತ ಮಾಡುತ್ತಲೇ ನೋಡುತ್ತೇನೆ. ತಂಗೆವ್ವ ಅತ್ತಿ ಎರಡು ಸಲ, ಸಾವಿತ್ರವ್ವ ವೈನಿ ದಿನಕ್ಕೊಂದು ಸಲ. ತನ್ನ ನಂಬರಿಗೂ ಬೇರೆ ಪಾಸ್‌ವರ್ಡ್ ಮಾಡಿಸಿಕೊಂಡಿದ್ದ ಗುಂಡು ಕಾಕಾನ ಮಗ ಜೋತಿಬಾ ಒಂದೇ ವಾರದಲ್ಲಿ ನಲವತ್ತೊಂದು ಸಲ.

ನಲವತ್ತೊಂದು!

ಜೋತಿಬಾ ಕಾಗಲದ ಕಾರ್ಖಾನೆಯಿಂದ ಟ್ರಕ್ ಓಡಿಸುತ್ತಾನೆ. ಟೆಂಪೊದವರು, ಧಾಬಾದವರು ಎಲ್ಲರ ಪರಿಚಯ ಅವನಿಗೆ. ಎಲ್ಲಿಗೆ ಮುಟ್ಟಿತು ನನ್ನ ಯೋಚನೆ ಎಂದು ನನಗೇ ಹೇಸಿಗೆ. ಚಿಕ್ಕವನಿದ್ದಾಗ ಅವನನ್ನು ಬಗಲಲ್ಲಿ ಎತ್ತಿಕೊಂಡು ಆಡಿಸಿದವಳು ನಾನು. ಆದರೂ ನಲವತ್ತೊಂದು ಸಲ ನೋಡಲು ಅಲ್ಲಿ ಏನಿದೆ?

೫ ಡಿಸೆಂಬರ್, ಶುಕ್ರವಾರ

ಜೋತಿಬಾನ ಹೆಸರು ತೆಗೆದುಹಾಕಿದೆ. ಅರ್ಧ ತಾಸಿಗೇ ಅವನ ಫೋನ್.

“ಅಕ್ಕಾ, ನಂದು ಬಂದ್ ಆಗೇತಿ.”

“ಏನೋ ತಾಂತ್ರಿಕ ತೊಂದರಿ ಇರಬೇಕು. ನೋಡ್ತೀನಿ ಬಿಡು.”

“ಲಗೂ ನೋಡಕ್ಕಾ. ಅಪ್ಪನ ಫೋನ್ ಯಾವಾಗೂ ಬಂದ್. ನಿನ್ನ ಬ್ಲಾಗ್ ಇಲ್ಲಂದ್ರ ಎಲ್ಲಿ ಅದಾನಂತ ನನಗ ತಿಳ್ಯಾಂಗಿಲ್ಲ.”

ನೋಡ್ತೀನಿ ಎಂದು ಇಟ್ಟೆ. ಎಷ್ಟು ಸಲೀಸಾಗಿ ಸುಳ್ಳು ಬರುತ್ತದೆ ನನಗೆ ಈಚೆಗೆ. ಅವನ ದನಿ ಮಾತ್ರ ಕಿವಿಯಲ್ಲೇ ಉಳಿದಿದೆ.

೯ ಡಿಸೆಂಬರ್, ಮಂಗಳವಾರ

ಊಟದ ಹೊತ್ತಿಗೆ ಆಫೀಸಿನ ಮುಂದಿನ ರಸ್ತೆಯಲ್ಲಿ ಕುರಿ ಹಿಂಡೊಂದು ಹಾದುಹೋಯಿತು. ಚಹಾ ಅಂಗಡಿಯ ಸಂಭಾಜಿ ಮಾಮಾ ಕೆಟಲ್ ಹಿಡಿದುಕೊಂಡೇ, “ಎಡಗಿವಿ ನೀಲಿ. ಇವು ದತ್ತವಾಡದ ತಂಗೆವ್ವನ ಮನಿಯವು,” ಎಂದ. ಕುರಿಗೂ ಅವನಿಗೂ ಸಂಬಂಧವಿಲ್ಲ, ಹೋಗುತ್ತ ಬರುತ್ತ ನೋಡಿ ಬಲ್ಲ.

ಕೈಯಲ್ಲಿದ್ದ ಚಹಾದ ಗ್ಲಾಸು ಅಲ್ಲೇ ಇಟ್ಟೆ. ತಂಗೆವ್ವ ಅತ್ತಿಯ ಪಾಸ್‌ವರ್ಡ್ ಆ ಕುರಿಗಳ ಮೈಮೇಲೆ ರಸ್ತೆ ತುಂಬ ಹೋಗುತ್ತಿತ್ತು! ಪ್ರತಿ ಕುರಿಯ ಮೇಲೂ ಬರೆದಿದೆ! ಅಣ್ಣನ ಪಾಸ್‌ವರ್ಡನ್ನು ಹನ್ನೊಂದು ಕುರಿಗಳ ಸಮೇತ ಕಳ್ಳರೇ ಒಯ್ದಿದ್ದಾರೆ. ಮೊಬೈಲ್ ನಂಬರುಗಳನ್ನು ಹಳೆಯ ಬರಹಗಳಲ್ಲಿ ರೈತರಿಗಾಗಿ ನಾನೇ ಹಾಕಿದ್ದೆ. ಇನ್ನೇನು ಬೇಕು ಅವರಿಗೆ? ನಾನು ನಕ್ಕೆನಲ್ಲ ಅವತ್ತು, ನಗುವ ಬದಲು ಒಂದು ನಿಮಿಷ ಯೋಚಿಸಿದ್ದರೆ. ನನ್ನ ಬುದ್ಧಿಗೆ ಮಣ್ಣು ಬಿತ್ತು.

ಸಾಹೇಬರಿಗೆ ತಲೆನೋವು ಎಂದು ಹೇಳಿ ಮನೆಗೆ ಬಂದು, ಹದಿನೆಂಟೂ ಪಾಸ್‌ವರ್ಡ್ ಬದಲಿಸಿದೆ. ಕಂಪ್ಯೂಟರೇ ಕೊಡುವ ಹನ್ನೆರಡು ಅಕ್ಷರ, ದೊಡ್ಡವು, ಸಣ್ಣವು, ಅಂಕಿ, ಚುಕ್ಕೆ ಎಲ್ಲ ಕಲಸಿದ್ದು. ಮೂರು ಸಲ ತಪ್ಪಿದರೆ ಬಂದ್ ಆಗುವ ಹಾಗೆ ಮಾಡಿದೆ. ಎಲ್ಲರಿಗೂ ಮೆಸೇಜ್ ಕಳಿಸಿದೆ. ಇನ್ನು ಬರಲಿ ನೋಡೋಣ.

೧೦ ಡಿಸೆಂಬರ್, ಬುಧವಾರ

ಏಳು ಮಂದಿ ಬಂದ್.

೧೧ ಡಿಸೆಂಬರ್, ಗುರುವಾರ

ಈಗ ಒಟ್ಟು ಹದಿನಾಲ್ಕು ಮಂದಿ ಬಂದ್, ಉಳಿದ ನಾಲ್ವರು ಕೈಯನ್ನೇ ಹಚ್ಚಿಲ್ಲ. ತಂಗೆವ್ವ ಅತ್ತಿ ಫೋನಿನಲ್ಲೇ ಝಾಡಿಸಿದಳು: “ಇದೇನು ಮಂತ್ರ ಕಳಿಸೀಯೇ? ನನ್ನ ಬಟ್ಟು ಇದನ್ನ ಒತ್ತತಾವೇನ? ನಿನ್ನ ಕೀಲಿ ನಿನ್ನ ಹತ್ರನ ಇಟ್ಕೋ!” ರವಿವಾರ ಬಂದು ಮಾಡಿಕೊಡುತ್ತೇನೆ ಎಂದೆ.

೧೩ ಡಿಸೆಂಬರ್, ಶನಿವಾರ

ಎರಡು ದಿನದಿಂದ ಒಬ್ಬರೂ ಒಳಗೆ ಬಂದಿಲ್ಲ. ಪಟ್ಟಿ ಖಾಲಿ. ಎಷ್ಟು ನೆಮ್ಮದಿ ಎಂದರೆ, ತಿಂಗಳ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ. ಇವರಿಗೂ ಖುಷಿ. ದತ್ತವಾಡಕ್ಕೆ ನಾಳೆ ಬೇಡ, ಮುಂದಿನ ರವಿವಾರ ಹೋದರಾಯಿತು.

೧೬ ಡಿಸೆಂಬರ್, ಮಂಗಳವಾರ

ಗಡಹಿಂಗ್ಲಜದ ರೈತ ಅಭಯಕುಮಾರ ಅವರ ಫೋನ್ ಬಂತು. ಗುಂಡು ಕಾಕಾ ಈಗ ತನ್ನ ಕುರಿ ಬೇರೆ ಮಾಡಿಕೊಂಡು ಆ ಕಡೆಗೆ ಹೋಗಿದ್ದಾನೆ. ಗುರುವಾರ ಇವರ ಹೊಲದಲ್ಲಿ ಹಟ್ಟಿ ಹಾಕುವ ಮಾತಾಗಿತ್ತು.

“ಬಾಯಾರ, ಕಬ್ಬಿನ ಬೇರಿಗೆ ಹುಳ ಹತ್ತೈತ್ರಿ. ಭಾಳ ಜಬರ ಔಷಧ ಹಾಕಿ ನೀರ ಬಿಟ್ಟೀವಿ. ಹತ್ತ ದಿನ ಕುರಿ ಆ ಕಡಿ ಸುಳಿಬಾರದ್ರಿ. ನಿಮ್ಮ ಕಾಕಾರ ಫೋನ್ ಹತ್ತವಲ್ದು. ನಿಮ್ಮ ಬ್ಲಾಗಿನಾಗ ಹಾಕಿಬಿಡ್ರಿ.”

“ಹೌದ್ರಿ, ಈಗ ಹಾಕ್ತೀನ್ರಿ.”

ನಾನೂ ಕಾಕಾನಿಗೆ ಫೋನ್ ಮಾಡಿದೆ, ಬಂದ್ ಇತ್ತು. ಐದೇ ನಿಮಿಷದಲ್ಲಿ ಕೆಂಪು ಅಕ್ಷರದಲ್ಲಿ ಬರೆದು ಹಾಕಿದೆ. ಯಾರಾದರೂ ನೋಡಿ ಕಾಕಾನಿಗೆ ಮುಟ್ಟಿಸುತ್ತಾರೆ. ಯಾವಾಗಲೂ ಹಾಗೇ ನಡೆಯುತ್ತದೆ. ಆಮೇಲೆ ರೊಟ್ಟಿ ಬಡಿದೆ.

೧೯ ಡಿಸೆಂಬರ್, ಶುಕ್ರವಾರ

ಗುಂಡು ಕಾಕಾನ ಹದಿನಾಲ್ಕು ಕುರಿ ಸತ್ತವು. ಮುಂಜಾನೆಯಿಂದ ಮರಿಗಳೂ ಸಾಯತೊಡಗಿವೆ.

ಕಾಕಾ ಮಾತಿನಂತೆ ನಿನ್ನೆ ಅಭಯಕುಮಾರ ಅವರ ಹೊಲಕ್ಕೇ ಬಂದಿದ್ದ, ಅವರು ಅಲ್ಲಿರಲಿಲ್ಲ. ನನ್ನ ಬರಹ ಯಾರೂ ನೋಡಿರಲಿಲ್ಲ. ನೋಡುವವರು ಯಾರಿದ್ದರು? ಹದಿನೆಂಟು ಮನೆಗೂ ಬೀಗ ಹಾಕಿದವಳು ನಾನೇ. ಐದೇ ನಿಮಿಷದಲ್ಲಿ ಹಾಕಿದೆನಂತೆ. ಥೂ.

ಜೋತಿಬಾ ನಿನ್ನೆ ಮಧ್ಯಾಹ್ನ ಆ ಹಟ್ಟಿಗೇ ಹೋಗಿದ್ದನಂತೆ. ಟ್ರಕ್ ರಸ್ತೆಗೆ ನಿಲ್ಲಿಸಿ, ಕಾಕಾನಿಗೆ ಬುತ್ತಿ ಕೊಟ್ಟು, ಕುರಿಗಳನ್ನು ತಾನೇ ಔಷಧದ ಹೊಲದಿಂದ ಹರಿದ ಕಾಲುವೆಯ ನೀರಿಗೆ ಬಿಟ್ಟು ಬಂದನಂತೆ. ಕಳ್ಳತನವಾದಾಗಿನಿಂದ ಹಾಗೆಯೇ ಮಾಡುತ್ತಿದ್ದನಂತೆ, ಬ್ಲಾಗಿನಲ್ಲಿ ನೋಡಿಕೊಂಡು, ದಾರಿ ಬಳಸಿ ಹೋಗಿ, ಒಬ್ಬೊಬ್ಬರೇ ಇರುವ ಹಟ್ಟಿಗಳ ಮೇಲೆ ಕಣ್ಣಾಡಿಸಿ ಬರುತ್ತಿದ್ದನಂತೆ. ಹೆಸರು ತೆಗೆದ ಮೇಲೆ ಅವರಿವರನ್ನು ಕೇಳಿಕೊಂಡು ಹೋಗುತ್ತಿದ್ದ.

ನಲವತ್ತೊಂದು ಸಲ.

೨೧ ಡಿಸೆಂಬರ್, ರವಿವಾರ

ಇವರು ನನ್ನ ಮುಖ ನೋಡಿ ಏನೂ ಕೇಳದೆ ಮೋಟರ್‌ಸೈಕಲ್ ತೆಗೆದರು. ಗಡಹಿಂಗ್ಲಜ ಮುಟ್ಟಿದಾಗ ಹನ್ನೊಂದು ಗಂಟೆ. ಹೊಲದ ಆಚೆ ತೆಗ್ಗು ತೋಡಿ ಮಣ್ಣು ಎಳೆದಿದ್ದರು. ಅವ್ವ ರಂಗುಬಾಯಿ, ವೈನಿ, ಅಣ್ಣ, ಜೋತಿಬಾ ಎಲ್ಲರೂ ಅಲ್ಲೇ ಇದ್ದರು. ಗುಂಡು ಕಾಕಾ ಕಂಬಳಿ ಹೊದ್ದು ಬೇರೆ ಕಡೆ ಮುಖ ಮಾಡಿ ಕೂತಿದ್ದ. ಅಭಯಕುಮಾರ ಅವರು ನನ್ನನ್ನು ನೋಡಿ, “ನಾ ಹೇಳಿದ್ನೆಲ್ರಿ ಬಾಯಾರ,” ಎಂದು ಇಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ನಿಂತುಕೊಂಡೇ ಹೇಳಿಬಿಟ್ಟೆ. ಎಲ್ಲವನ್ನೂ. ಜೋತಿಬಾನ ಹೆಸರು ಯಾಕೆ ತೆಗೆದೆ ಎನ್ನುವುದನ್ನು ಅವನ ಮುಖ ನೋಡುತ್ತ ಹೇಳಿದೆ. ಅವನು ತಲೆ ಕೆಳಗೆ ಹಾಕಿ, “ನೀರಿಗೆ ಬಿಟ್ಟಾಂವ ನಾನ ಅಕ್ಕಾ,” ಎಂದ. ನನಗೆ ಅಳು ತಡೆಯಲಾಗಲಿಲ್ಲ. ಕೊನೆಗೆ ಆ ಸಾಲಿನ ಮಾತು ಹೇಳಿದೆ. ಅಣ್ಣ ಒಬ್ಬನೇ ಇದ್ದಾನೆ ಎಂದು ಬರೆದಿದ್ದೆ, ಅಳಿಸಿದೆ, ಆಮೇಲೆ ನಿನಗೆ ಫೋನ್ ಮಾಡಿದೆ ಎಂದೆ.

ಅಣ್ಣ ವೈನಿಯ ಮುಖ ನೋಡಿದ. ವೈನಿ ಹೇಳಿದಳು, “ಗೊತ್ತೈತಿ. ಬುಧವಾರ ನಾನ ಅದನ್ನ ನಿಮ್ಮಣ್ಣಗ ಓದಿ ಹೇಳಿದ್ದೆ. ಶುಕ್ರವಾರ ಮತ್ತ ತಗದು ನೋಡಿದ್ರ ಇರಲಿಲ್ಲ.”

“ಮತ್ತ ಯಾಕ ಕೇಳಲಿಲ್ಲ?”

“ನೀನ ಹೇಳ್ತಿ ಅಂತ ಕಾದ್ವಿ,” ಎಂದ ಅಣ್ಣ. “ಬಸ್ಸಿನ ಹತ್ರ ಕೇಳಿದ್ನೆಲ್ಲ ನಾ. ತಂಗಿ, ಆ ಟೆಂಪೊದವರು ಕನ್ನಡ ಓದಿ ಬಂದಿದ್ರೋ, ಚಾ ಅಂಗಡ್ಯಾಗ ಕೇಳಿ ಬಂದಿದ್ರೋ, ಆ ದೇವರಿಗೇ ಗೊತ್ತು. ಅದನ್ನ ಹಿಡ್ಕೊಂಡು ನೀ ನಮ್ಮನ್ನೆಲ್ಲ ಹೊರಗ ಹಾಕಿದಿ ನೋಡು.”

ಗುಂಡು ಕಾಕಾ ತಿರುಗಿ ನೋಡಲೂ ಇಲ್ಲ. ಹೊರಡುವಾಗ ಕಾಲು ಮುಟ್ಟಲು ಹೋದೆ, ಕಾಲು ಹಿಂದಕ್ಕೆ ಎಳೆದುಕೊಂಡ. ಅವ್ವ, “ಹೋಗು, ಹೊತ್ತಾಗತೈತಿ,” ಎಂದಳು.

೨೨ ಡಿಸೆಂಬರ್, ಸೋಮವಾರ

ಲಾಗಿನ್ ಫಾರ್ಮ್ ತೆಗೆದೆ. ಆ ಜಾಗದಲ್ಲಿ ಟಗರಿನ ಫೋಟೋ ಮತ್ತೆ ಹಾಕಿ, ಕೆಳಗೆ ನನ್ನ ಫೋನ್ ನಂಬರು ಬರೆದೆ. ಜೋತಿಬಾನನ್ನು ಕೇಳಿ ಅವನ ನಂಬರನ್ನೂ ಹಾಕಿದೆ. ಔಷಧ, ನೀರು, ರೋಗ, ಲಸಿಕೆ, ಇವೆಲ್ಲ ಇನ್ನು ಎಲ್ಲರಿಗೂ ಬಯಲಲ್ಲೇ. ಯಾರ ಹಟ್ಟಿ ಎಲ್ಲಿದೆ ಎಂಬುದು ಮಾತ್ರ ಫೋನಿನಲ್ಲಿ, ದನಿ ಗುರುತು ಹಿಡಿದು. ಕಾಗಲದ ಬರಹವನ್ನು ತೆರೆದು, ಅದರಡಿಗೆ ಹೀಗೆ ಸೇರಿಸಿದೆ: “ಇಲ್ಲಿ ಒಂದು ಸಾಲಿತ್ತು. ಲಗಮಣ್ಣ ಒಬ್ಬನೇ ಇದ್ದಾನೆಂದು ನಾನು ಬರೆದಿದ್ದೆ. ಕುರಿ ಕಳುವಾದ ಮೇಲೆ ಅಳಿಸಿದೆ. ಉಜ್ವಲಾ.”

ಗುಂಡಿ ಒತ್ತಿದೆ.

೨೮ ಡಿಸೆಂಬರ್, ರವಿವಾರ

ದಿನಕ್ಕೆ ಇಪ್ಪತ್ತು ಫೋನ್. ಪ್ರತಿ ಸಲ ರಿಂಗಾದಾಗಲೂ, ಇನ್ನೆಲ್ಲಿ ಏನಾಯಿತೋ ಎಂದು ಅಂಜುತ್ತಲೇ ಎತ್ತುತ್ತೇನೆ. ತಂಗೆವ್ವ ಅತ್ತಿ ಮಾತ್ರ, “ಈಗ ಸರಿ ಆತು ನೋಡು, ಬೈಯಾಕರ ಒಬ್ಬಾಕಿ ಸಿಗತಿ,” ಎನ್ನುತ್ತಾಳೆ. ಕಾಕಾನ ಫೋನ್ ಇಲ್ಲ.

ಇವರು ಇವತ್ತು ಈ ವಹಿ ನೋಡಿ, “ಏನ ಬರೀತಿ ದಿನಾ?” ಎಂದರು. ಓದಿ ಹೇಳಿದೆ, ಮೊದಲ ಪುಟದಿಂದ. ಮಧ್ಯೆ ಒಮ್ಮೆ ಎದ್ದು ನೀರು ಕುಡಿದು ಬಂದು ಮತ್ತೆ ಕೂತರು. ಮುಗಿದ ಮೇಲೆ, “ಒಂದ ಮನ್ಯಾಗ ಇದ್ದೀವಿ, ಆವಾಗ ಹೇಳಬೇಕಿತ್ತು,” ಎಂದಷ್ಟೇ ಅಂದರು.

೪ ಜನವರಿ ೨೦೨೬, ರವಿವಾರ

ಮಧ್ಯಾಹ್ನ ನಾಲ್ಕಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನ್. ಯಾವುದೋ ರೈತನ ಫೋನ್ ಇಸಿದುಕೊಂಡು ಮಾಡಿದ್ದ. ಮೊದಲು ಬರೀ ಉಸಿರು, ಹಿಂದೆ ಕುರಿಗಳ ದನಿ.

“ಉಜ್ವಲಾ, ನಾ ಗುಂಡು.”

“ಕಾಕಾ...”

“ಬರಕೋ. ಹಟ್ಟಿ ಬದಲಿ ಮಾಡೇನಿ.” ಊರಿನ ಹೆಸರು ಹೇಳಿದ, ಯಾವ ಹೊಲ, ಯಾವ ಬಾವಿಯ ಹತ್ತಿರ ಎಂದು ಹೇಳಿದ. ಕೊನೆಗೆ, “ಒಬ್ಬನ ಅದೀನಿ,” ಎಂದ. “ಅದನ್ನ ಬರೀಬ್ಯಾಡ.”

“ಇಲ್ಲ ಕಾಕಾ.”

“ಹೂಂ,” ಎಂದು ಇಟ್ಟ.

ಕೂಡಲೇ ಜೋತಿಬಾನಿಗೆ ಫೋನ್ ಮಾಡಿದೆ. ಅಪ್ಪ ಎಲ್ಲಿದ್ದಾನೆ ಎಂದು ಹೇಳಿ, ಸಂಜೆಯೊಳಗೆ ಆ ಕಡೆ ಹಾಯ್ದು ಹೋಗು ಎಂದೆ. “ಆತಕ್ಕಾ,” ಎಂದ, ಟ್ರಕ್ ಚಾಲೂ ಆದ ಸದ್ದು ಕೇಳಿಸಿತು. ಐದೂವರೆಗೆ ಮುಟ್ಟಿದೆನೆಂದು ಮತ್ತೆ ಫೋನ್ ಮಾಡಿದ.

ಕಾಕಾ ಎಲ್ಲಿದ್ದಾನೆ ಎಂಬುದನ್ನು ಬ್ಲಾಗಿನಲ್ಲಿ ಹಾಕಿಲ್ಲ. ಇಲ್ಲಿಯೂ ಬರೆಯುವುದಿಲ್ಲ.